ಹತ್ತೂರಿನ ಕತೆಗಾರರು, ಒಂದು ಸಂಕಲನ

ಕನ್ನಡದ ಕಥಾ ಸಂಕಲನಗಳಲ್ಲಿ ಎರಡು ಬಗೆ. ಅಚ್ಚಾಗಿ ಹೆಸರು ಮಾಡಿದ ಕತೆಗಳಲ್ಲಿ ಸಂಪಾದಕರೊಬ್ಬರು ಆರಿಸಿ ಕೊಡುವುದು ಒಂದು. ಜಿ.ಎಚ್. ನಾಯಕರು ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಸಂಪಾದಿಸಿದ ‘ಕನ್ನಡ ಸಣ್ಣ ಕಥೆಗಳು’, ಎಸ್. ದಿವಾಕರ್ ಅವರ ‘ಶತಮಾನದ ಸಣ್ಣ ಕಥೆಗಳು’ ಈ ಬಗೆಯವು. ಬೇರೆ ಬೇರೆ ಊರುಗಳಲ್ಲಿರುವ ಬರಹಗಾರರು ತಾವೇ ಕೂಡಿಕೊಂಡು, ಹೊಸ ಕತೆಗಳನ್ನು ಬರೆದು, ತಿದ್ದಿ, ಖರ್ಚು ಹಂಚಿಕೊಂಡು ಹೊರತರುವುದು ಇನ್ನೊಂದು. ಅಮೆರಿಕದ ಕನ್ನಡ ಸಾಹಿತ್ಯ ರಂಗ 2004ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ವಸಂತ ಸಾಹಿತ್ಯೋತ್ಸವ ನಡೆಸಿತು. ಅಲ್ಲಿಂದ ಮುಂದೆ ಉತ್ಸವಕ್ಕೊಂದು ಪುಸ್ತಕ ತರುವ ರೂಢಿ ಬೆಳೆಸಿಕೊಂಡಿತು. ಗುರುಪ್ರಸಾದ ಕಾಗಿನೆಲೆ ಸಂಪಾದಿಸಿದ ‘ಆಚೀಚೆಯ ಕತೆಗಳು’ ಹೀಗೆ ಬಂದದ್ದು. ಆ ದೇಶದ ಬೇರೆ ಬೇರೆ ಮೂಲೆಗಳಲ್ಲಿ ನೆಲೆಸಿ, ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಕನ್ನಡದಲ್ಲಿ ಬರೆಯುವವರು ಒಂದೇ ರಟ್ಟಿನೊಳಗೆ ಬರಬಲ್ಲರು ಎಂಬುದಕ್ಕೆ ಈ ಪುಸ್ತಕಗಳೇ ಸಾಕ್ಷಿ.

ಇಂಥ ಕೆಲಸಕ್ಕೆ ಮಹಾನಗರದ ನಡುಮಧ್ಯವೇ ಬೇಕಿಲ್ಲ. ದೊಡ್ಡಬಳ್ಳಾಪುರಕ್ಕೆ ಹೊಂದಿಕೊಂಡ ಬಾಶೆಟ್ಟಿಹಳ್ಳಿ ಇಂದು ಕೈಗಾರಿಕಾ ಪ್ರದೇಶ, ಪಟ್ಟಣ ಪಂಚಾಯಿತಿ. ಕಾರ್ಖಾನೆ ಕೆಲಸಕ್ಕೆಂದು ಬಂದ ಉತ್ತರ ಕರ್ನಾಟಕದವರು, ಪಕ್ಕದ ರಾಜ್ಯಗಳವರು ಇಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಬೆಂಗಳೂರಿನ ಪ್ರೆಸ್ಸುಗಳು ಬಸ್ಸಿನ ದಾರಿಯಲ್ಲಿವೆ. ಪಕ್ಕದ ದೊಡ್ಡಬಳ್ಳಾಪುರದ ನೇಕಾರ ಮನೆತನವೊಂದರಲ್ಲಿ 1954ರಲ್ಲಿ ಹುಟ್ಟಿದ ವಿಮರ್ಶಕ ಡಿ.ಆರ್. ನಾಗರಾಜ್, ಸಾಗರ ತಾಲ್ಲೂಕಿನ ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕೆ ‘ಅಕ್ಷರ ಚಿಂತನ’ ಮಾಲೆಯನ್ನು ಸಂಪಾದಿಸಿಕೊಟ್ಟರು. ಸಂಪಾದಕರು ಒಂದೂರಲ್ಲಿ, ಪ್ರಕಾಶನ ಇನ್ನೊಂದೂರಲ್ಲಿ, ಲೇಖಕರು ನಾಡಿನ ಉದ್ದಗಲಕ್ಕೂ ಇದ್ದು ಒಳ್ಳೆಯ ಪುಸ್ತಕಗಳು ಬಂದದ್ದು ಅಂಚೆಯ ಕಾಲದಲ್ಲೇ. ಇಂಥ ಸಂಕಲನಗಳು ನಡುದಾರಿಯಲ್ಲಿ ನಿಂತುಹೋಗುವುದು ದೂರದಿಂದಲ್ಲ. ಮೊದಲೇ ಆಡಿ, ಬರೆದು ಇಟ್ಟುಕೊಳ್ಳಬೇಕಾದ ಮಾತುಗಳನ್ನು ಸಂಕೋಚಕ್ಕೆ ಬಿಟ್ಟಾಗ ನಿಲ್ಲುತ್ತವೆ.

ಅಳತೆ ಮತ್ತು ಆಯ್ಕೆ

ಕತೆ ಕೇಳುವ ಮೊದಲು ಪುಸ್ತಕದ ಗಾತ್ರ ಗೊತ್ತಿರಬೇಕು. ಕನ್ನಡ ಕಥಾ ಸಂಕಲನಗಳು ಸಾಮಾನ್ಯವಾಗಿ ಡೆಮಿ 1/8 ಅಳತೆಯಲ್ಲಿ ಬರುತ್ತವೆ. ಓದಲು ಹಿತವಾಗುವ ಅಕ್ಷರದಲ್ಲಿ ಪುಟವೊಂದಕ್ಕೆ ಸುಮಾರು 240 ಪದ ಹಿಡಿದರೆ, 3000 ಪದಗಳ ಕತೆಗೆ ಹನ್ನೆರಡೂವರೆ ಪುಟ ಬೇಕು. ಅಂಥ 14 ಕತೆಗಳಿಗೆ 175 ಪುಟ. ಶೀರ್ಷಿಕೆ, ಪರಿವಿಡಿ, ಸಂಪಾದಕರ ಮಾತು, ಲೇಖಕರ ಪರಿಚಯ ಸೇರಿದರೆ 190ರ ಹತ್ತಿರ ಬರುತ್ತದೆ. ಪ್ರೆಸ್ಸಿನಲ್ಲಿ ಹಾಳೆ ಮಡಿಸುವುದು 16 ಪುಟಗಳ ಫಾರ್ಮಿನ ಲೆಕ್ಕದಲ್ಲಿ, ಆದ್ದರಿಂದ 12 ಫಾರ್ಮಿನ 192 ಪುಟ ಸರಿಯಾದ ಅಳತೆ. ಈ ಲೆಕ್ಕವನ್ನು ಆಹ್ವಾನ ಪತ್ರದಲ್ಲೇ ಪದಮಿತಿಯಾಗಿ ಬರೆಯಬೇಕು. ‘ಕತೆ ತನ್ನ ಉದ್ದ ತಾನೇ ಕಂಡುಕೊಳ್ಳಲಿ’ ಎಂದು ಬಿಟ್ಟರೆ ಒಬ್ಬರು 900 ಪದ, ಇನ್ನೊಬ್ಬರು 9000 ಪದ ಕಳಿಸುತ್ತಾರೆ. ಆಮೇಲೆ ಯಾರದನ್ನು ಕತ್ತರಿಸಿದರೂ ಮನಸ್ತಾಪ.

ವಸ್ತುವಿನ ವಿಷಯದಲ್ಲಿ ತೀರ ಬಿಗಿಯೂ ಬೇಡ, ತೀರ ಸಡಿಲವೂ ಬೇಡ. ‘ವಲಸೆ’ ಎಂದರೆ ಎಲ್ಲವೂ ಅದರೊಳಗೆ ಬಂದುಬಿಡುತ್ತದೆ. ‘ಪಾಳಿ ಮುಗಿಸಿ ಮನೆಗೆ ಬರುವ ಹೊತ್ತು’ ಎಂದರೆ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ದುಬೈನ ಚಾಲಕನಿಗೂ ಲಂಡನ್ನಿನ ನರ್ಸಿಗೂ ಒಂದೊಂದು ಕತೆಯಿದೆ, ಮೂರೂ ಬೇರೆಯಾಗಿರುತ್ತವೆ.

ಆಯ್ಕೆಗೆ ಇಬ್ಬರಾದರೂ ಓದುಗರು ಬೇಕು. ಇಬ್ಬರೂ ಒಂದೇ ಸೀಮೆಯವರಾಗದಿದ್ದರೆ ಒಳ್ಳೆಯದು. ಕತೆಗಳ ಮೇಲಿನ ಹೆಸರು ತೆಗೆದು ಸಂಖ್ಯೆ ಕೊಟ್ಟು ಅವರಿಗೆ ಕಳಿಸಿದರೆ ಸ್ನೇಹದ ಭಾರ ಕಡಿಮೆಯಾಗುತ್ತದೆ. ಆಯ್ಕೆಯಾಗದ ಕತೆಯ ಲೇಖಕರಿಗೆ ತಡಮಾಡದೆ ನಾಲ್ಕು ಸಾಲು ಬರೆಯಬೇಕು. ಅವರು ಅದನ್ನು ಬೇರೆಡೆ ಕಳಿಸಲು ಕಾಯುತ್ತಿರುತ್ತಾರೆ.

ಹಕ್ಕು ಯಾರದು

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರಂತೆ ಸ್ವಂತವಾಗಿ ಕತೆ ಬರೆದವರೇ ಅದರ ಮೊದಲ ಹಕ್ಕುದಾರರು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಸಂಕಲನಕ್ಕೆ ಕತೆ ಕೊಟ್ಟ ಮಾತ್ರಕ್ಕೆ ಅದು ಪ್ರಕಾಶಕರ ಆಸ್ತಿಯಾಗುವುದಿಲ್ಲ. ಇಷ್ಟು ಗೊತ್ತಿದ್ದೂ ಎಷ್ಟೋ ಸಂಕಲನಗಳು ಬಾಯಿಮಾತಿನ ಒಪ್ಪಿಗೆಯ ಮೇಲೆ ಅಚ್ಚಾಗುತ್ತವೆ. ಕತೆಯೊಂದು ಪಠ್ಯಕ್ಕೆ ಆಯ್ಕೆಯಾದಾಗ, ಅನುವಾದಕ್ಕೆ ಕೇಳಿಕೆ ಬಂದಾಗ, ಕಿರುಚಿತ್ರಕ್ಕೆ ಹೋದಾಗ ತಕರಾರು ಏಳುತ್ತದೆ.

ಹಕ್ಕನ್ನು ವರ್ಗಾಯಿಸುವ ಪತ್ರ ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು ಎನ್ನುತ್ತದೆ ಕಾಯ್ದೆಯ 19ನೇ ಕಲಮು. ಸಂಕಲನ ತರುವವರು ನೆನಪಿಡಬೇಕಾದ ಎರಡು ಮಾತು ಅಲ್ಲೇ ಇವೆ. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಸಿಂಗಪುರದ ಲೇಖಕರ ಕತೆಯಿರುವ ಪುಸ್ತಕವನ್ನು ಸಿಂಗಪುರದಲ್ಲೇ ಮಾರಬೇಕಿದ್ದರೆ ‘ಎಲ್ಲ ದೇಶಗಳಲ್ಲಿ’ ಎಂಬ ಪದ ಪತ್ರದಲ್ಲಿ ಇರಲೇಬೇಕು.

ಸಣ್ಣ ಬಳಗಗಳಿಗೆ ಹಕ್ಕಿನ ವರ್ಗಾವಣೆಯೇ ಬೇಕಿಲ್ಲ, ಬಳಕೆಯ ಅನುಮತಿ ಸಾಕು. ಒಂದು ಪುಟದ ಪತ್ರದಲ್ಲಿ ಕತೆಯ ಹೆಸರು, ಅಚ್ಚು ಮತ್ತು ಇ-ಪುಸ್ತಕ ಎರಡಕ್ಕೂ ಅನುಮತಿಯೋ ಒಂದಕ್ಕೆ ಮಾತ್ರವೋ, ಎಷ್ಟು ವರ್ಷ, ಎಲ್ಲೆಲ್ಲಿ, ಗೌರವಧನವೋ, ಪ್ರತಿಗಳೋ, ಎರಡೂ ಇಲ್ಲವೋ, ಲೇಖಕರು ಅದೇ ಕತೆಯನ್ನು ಸ್ವಂತ ಸಂಕಲನಕ್ಕೆ ಯಾವಾಗಿನಿಂದ ಬಳಸಬಹುದು ಎಂಬುದೆಲ್ಲ ಬರಬೇಕು. ಅನುವಾದ, ಆಡಿಯೊ, ಸಿನಿಮಾ ಹಕ್ಕುಗಳು ಲೇಖಕರಲ್ಲೇ ಉಳಿಯುತ್ತವೆ ಎಂದು ಬಿಡಿಸಿ ಬರೆಯಬೇಕು. ಕತೆ ಮೊದಲೇ ಪತ್ರಿಕೆಯಲ್ಲಿ ಬಂದಿದ್ದರೆ ಯಾವ ಸಂಚಿಕೆ ಎಂದು ಲೇಖಕರೇ ತಿಳಿಸಬೇಕು, ಪುಸ್ತಕದಲ್ಲಿ ಅದನ್ನು ಸ್ಮರಿಸಬೇಕು. ತೀರಿಕೊಂಡ ಲೇಖಕರ ಕತೆಯಾದರೆ ವಾರಸುದಾರರ ಸಹಿ ಬೇಕು.

57ನೇ ಕಲಮು ಸಂಪಾದಕರಿಗೆ ಎಚ್ಚರಿಕೆ. ಹಕ್ಕು ಮಾರಿದ ಮೇಲೂ ಕತೆ ತನ್ನದೆಂದು ಹೇಳಿಕೊಳ್ಳುವ, ತನ್ನ ಹೆಸರಿಗೆ ಕುಂದು ತರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಅಧಿಕಾರ ಲೇಖಕರಿಗೆ ಉಳಿದೇ ಇರುತ್ತದೆ. ಕೊನೆಯ ಕರಡನ್ನು ಲೇಖಕರು ಓದಿ ‘ಒಪ್ಪಿಗೆ’ ಎಂದು ಬರೆದು ಕಳಿಸುವವರೆಗೆ ಯಾವ ಕತೆಯನ್ನೂ ಅಚ್ಚಿಗೆ ಬಿಡಬಾರದು.

ಕಡತಗಳ ಕಷ್ಟ

ಕತೆಗಳು ಬರತೊಡಗಿದಾಗ ಸಂಪಾದಕರನ್ನು ಹೆಚ್ಚು ದಣಿಸುವುದು ಅಕ್ಷರಗಳೇ. ಒಬ್ಬರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಇನ್ನೊಬ್ಬರು ‘ಬರಹ’ ತಂತ್ರಾಂಶದಲ್ಲಿ, ಮತ್ತೊಬ್ಬರು ಫೋನಿನ ಯೂನಿಕೋಡ್ ಕೀಲಿಮಣೆಯಲ್ಲಿ, ಮಗದೊಬ್ಬರು ಫೋನಿಗೆ ಕತೆಯನ್ನು ಬಾಯಲ್ಲಿ ಹೇಳಿ ಬರೆಸಿ ಕಳಿಸುತ್ತಾರೆ. ಕೈಬರಹದ ಹಾಳೆಯ ಫೋಟೊ ಕಳಿಸುವ ಹಿರಿಯರೂ ಇದ್ದಾರೆ. ಅವರನ್ನು ಬಿಡಬಾರದು, ಬೆರಳಚ್ಚು ಮಾಡಿಸುವ ಹೊಣೆಯನ್ನು ಬಳಗವೇ ಹೊರಬೇಕು.

ಎಲ್ಲವನ್ನೂ ಯೂನಿಕೋಡಿಗೆ ತರುವುದು ಮೊದಲ ಕೆಲಸ. ಹಳೆಯ ಫಾಂಟಿನಿಂದ ಬದಲಾಯಿಸಿಕೊಡುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಅವು ಕೊಟ್ಟದ್ದನ್ನು ಕಣ್ಣಿಟ್ಟು ಓದಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುವ ಕ್ರಮವಿತ್ತು. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತನೆ ಕೆಟ್ಟಾಗ ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ, ‘ಕಾರ್ಯಕ್ರಮ’ ‘ಕಾಯರ್ಕ್ರಮ’ವಾಗುತ್ತದೆ. ಕಡತದಲ್ಲಿ ‘ಯರ್’, ‘ಮರ್’, ‘ವರ್’ ಎಂದು ಹುಡುಕಿದರೆ ಇಂಥವು ಬಹಳಷ್ಟು ಸಿಗುತ್ತವೆ. ಎರಡನೆಯ ತೊಡಕು ಕಣ್ಣಿಗೆ ಕಾಣದ ಬಿಡಿಸುವ ಗುರುತಿನದು. ಅದು ಇಲ್ಲದಿದ್ದರೆ ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆಗುತ್ತದೆ. ವಾಟ್ಸ್ಆ್ಯಪ್‌ನಿಂದ ನಕಲಿಸಿ ಅಂಟಿಸಿದ ಪಠ್ಯದಲ್ಲಿ ಆ ಗುರುತು ಉಳಿದಿದೆಯೇ ಎಂದು ವ್ಯಕ್ತಿನಾಮ, ಊರಿನ ಹೆಸರು, ಇಂಗ್ಲಿಷ್ ಪದಗಳಲ್ಲಿ ಒಮ್ಮೆ ನೋಡಿಕೊಳ್ಳಬೇಕು.

ಪುಟ ಕಟ್ಟುವವರು ಯಾವ ತಂತ್ರಾಂಶ ಬಳಸುತ್ತಾರೆಂದು ಮೊದಲೇ ಕೇಳುವುದು ಜಾಣತನ. ಪೇಜ್‌ಮೇಕರ್‌ನಲ್ಲೇ ಕೆಲಸ ಮಾಡುವ ಅಕ್ಷರ ಜೋಡಣೆಯವರು ಇಂದಿಗೂ ಇದ್ದಾರೆ. ಅಲ್ಲಿಗೆ ಹೋದರೆ ಯೂನಿಕೋಡ್ ಪಠ್ಯ ಮತ್ತೆ ಹಳೆಯ ಫಾಂಟಿಗೆ ಬದಲಾಗಬೇಕು, ತಪ್ಪುಗಳು ಇನ್ನೊಮ್ಮೆ ನುಸುಳುತ್ತವೆ. ಇನ್‌ಡಿಸೈನ್‌ನ ಈಚಿನ ಆವೃತ್ತಿಗಳು ಯೂನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸುತ್ತವೆ. ಮುಂದೆ ಇ-ಪುಸ್ತಕ ಮಾಡುವುದಿದ್ದರೆ ಇದೇ ದಾರಿ.

ಕಡತದ ಹೆಸರಿಗೂ ಒಂದು ಕ್ರಮ ಬೇಕು: ಲೇಖಕರ ಹೆಸರು, ಕತೆಯ ಹೆಸರು, ಎಷ್ಟನೆಯ ಕರಡು, ದಿನಾಂಕ. ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂಬ ಹೆಸರಿನ ಕಡತಗಳು ಓಡಾಡತೊಡಗಿದರೆ ತಪ್ಪು ಕರಡು ಅಚ್ಚಾಗುವುದು ಖಂಡಿತ. ಎಲ್ಲ ಕರಡುಗಳೂ ಒಂದೇ ಮಿಂಚಂಚೆ ವಿಳಾಸಕ್ಕೆ ಬರಬೇಕು, ಅದರ ಗುಟ್ಟುಪದ ಇಬ್ಬರಲ್ಲಿರಬೇಕು. ಒಬ್ಬರು ಕಾಯಿಲೆ ಬಿದ್ದರೆ ಕೆಲಸ ನಿಲ್ಲಬಾರದು.

ತಿದ್ದುವ ಹದ

ದೂರದ ಲೇಖಕರ ಸಂಕಲನದ ಸೊಗಸೇ ಅದರ ಮಾತಿನ ವೈವಿಧ್ಯ. ದೊಡ್ಡಬಳ್ಳಾಪುರ ಸೀಮೆಯ ಪಾತ್ರ ‘ಬತ್ತೀನಿ’ ಎಂದರೆ ಮಂಗಳೂರಿನದು ‘ಬರ್ತೇನೆ’ ಎನ್ನುತ್ತದೆ, ಕುಂದಾಪುರದ್ದು ‘ಬತ್ತೆ’ ಎನ್ನುತ್ತದೆ. ಗೌರಿಬಿದನೂರಿನ ಕಡೆಯ ಮಾತಿಗೆ ತೆಲುಗಿನ ಎಳೆ ಇರುತ್ತದೆ, ಕಾಸರಗೋಡಿನ ಕತೆಯಲ್ಲಿ ತುಳುವೂ ಮಲಯಾಳವೂ ಸುಳಿಯುತ್ತವೆ. ಇವನ್ನೆಲ್ಲ ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸುವ ಸಂಪಾದಕರು ಪುಸ್ತಕದ ಜೀವವನ್ನೇ ತೆಗೆಯುತ್ತಾರೆ. ಹಾಗೆಂದು ಎಲ್ಲವನ್ನೂ ಬಂದಂತೆ ಬಿಡುವುದೂ ಸಂಪಾದನೆಯಲ್ಲ. ಬೆರಳಚ್ಚಿನ ತಪ್ಪು ಯಾವುದು, ಸೀಮೆಯ ಉಚ್ಚಾರ ಯಾವುದು ಎಂದು ತಿಳಿಯದಿದ್ದಾಗ ಲೇಖಕರನ್ನೇ ಕೇಳಬೇಕು. ನಿರೂಪಣೆಯ ಕಾಗುಣಿತದಲ್ಲಿ ಮಾತ್ರ ಇಡೀ ಪುಸ್ತಕಕ್ಕೆ ಒಂದೇ ನಿಯಮ ಇರಲಿ: ‘ಕತೆ’ಯೋ ‘ಕಥೆ’ಯೋ, ಸಂಖ್ಯೆ ಅಂಕಿಯಲ್ಲೋ ಅಕ್ಷರದಲ್ಲೋ, ಮಾತುಗಳಿಗೆ ಒಂಟಿ ಉದ್ಧರಣವೋ ಜೋಡಿಯೋ. ಎರಡು ಪುಟದ ಈ ನಿಯಮಪಟ್ಟಿ ಆಹ್ವಾನದೊಂದಿಗೇ ಹೋದರೆ ಅರ್ಧ ಕೆಲಸ ಮುಗಿದಂತೆ. ಓದುಗರಿಗೆ ತಿಳಿಯದೆಂಬ ಭಯಕ್ಕೆ ಪುಟಕ್ಕೆ ಹತ್ತು ಅಡಿಟಿಪ್ಪಣಿ ಬೇಡ. ಸಂದರ್ಭವೇ ಅರ್ಥ ಹೇಳುವಂತಿದ್ದರೆ ಹಾಗೇ ಬಿಡುವುದು ಮೇಲು.

ಎದುರಿಗೆ ಕೂತು ಮಾತಾಡುವಾಗ ನಗುವೊಂದು ಟೀಕೆಯನ್ನು ಮೆದುವಾಗಿಸುತ್ತದೆ. ಬರಹದಲ್ಲಿ ಆ ಅನುಕೂಲ ಇಲ್ಲ. ‘ಈ ಭಾಗ ಸರಿಯಿಲ್ಲ’ ಎಂಬ ಟಿಪ್ಪಣಿ ಲೇಖಕರಿಗೆ ನೋವಷ್ಟೇ ಕೊಡುತ್ತದೆ, ದಾರಿ ತೋರಿಸುವುದಿಲ್ಲ. ‘ಮೂರನೇ ಪುಟದಲ್ಲಿ ಬಾಗಿಲು ತಟ್ಟಿದವನು ತಮ್ಮನೋ ಮೇಸ್ತ್ರಿಯೋ? ಇಬ್ಬರಿಗೂ “ಅವನು” ಎಂದೇ ಇದೆ’ ಎಂದು ಬರೆದರೆ ಲೇಖಕರು ಅರ್ಧ ಗಂಟೆಯಲ್ಲಿ ಸರಿಮಾಡಿ ಕಳಿಸುತ್ತಾರೆ. ಟಿಪ್ಪಣಿ ಪ್ರಶ್ನೆಯ ರೂಪದಲ್ಲಿರಬೇಕು, ಇಂಥ ಪುಟ ಇಂಥ ಸಾಲು ಎಂದು ತೋರಿಸಬೇಕು. ಮೊದಲ ಸುತ್ತಿನಲ್ಲಿ ಕತೆಯ ಕಟ್ಟು, ಎರಡನೆಯದರಲ್ಲಿ ವಾಕ್ಯಗಳು, ಮೂರನೆಯದರಲ್ಲಿ ಕರಡಚ್ಚಿನ ತಪ್ಪುಗಳು. ಪುಟ ಕಟ್ಟಿದ ಮೇಲೆ ಪ್ಯಾರಾ ಬದಲಾಯಿಸಲು ಹೊರಟರೆ ಮುಂದಿನ ಪುಟಗಳೆಲ್ಲ ಕದಲುತ್ತವೆ.

ಗುಂಪಿನ ಸಭೆಯನ್ನು ಆದಷ್ಟು ಕಡಿಮೆ ಇಟ್ಟುಕೊಳ್ಳಬೇಕು. ಬಾಶೆಟ್ಟಿಹಳ್ಳಿಯಲ್ಲಿ ರಾತ್ರಿ ಎಂಟೂವರೆ ಆದಾಗ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಎಂಟು, ಲಂಡನ್ನಿನಲ್ಲಿ ಸಂಜೆ ನಾಲ್ಕು, ದುಬೈನಲ್ಲಿ ಏಳು, ಸಿಂಗಪುರದಲ್ಲಿ ಹನ್ನೊಂದು. ಇಷ್ಟು ಜನಕ್ಕೆ ಹೇಗೋ ಹೊಂದುತ್ತದೆ, ಆದರೆ ಸಿಡ್ನಿಯಲ್ಲಿ ಆಗ ನಡುರಾತ್ರಿ ಒಂದು ಗಂಟೆ. ಇತ್ತ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮಾಡುವ ಕತೆಗಾರರಿಗೆ ಕೆಲಸದ ಹೊತ್ತು ಅದು. ಅಮೆರಿಕ, ಇಂಗ್ಲೆಂಡುಗಳು ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನು ಒಂದು ಗಂಟೆ ಅತ್ತಿತ್ತ ಮಾಡುತ್ತವೆ, ಭಾರತ ಮಾಡುವುದಿಲ್ಲ. ಹಾಗಾಗಿ ಕರೆಯುವಾಗ ಎಲ್ಲ ಊರಿನ ಹೊತ್ತನ್ನೂ ಬರೆದು ಕಳಿಸಬೇಕು. ಆರಂಭಕ್ಕೊಂದು, ಮುಖಪುಟ ಮತ್ತು ಹೆಸರಿನ ನಿರ್ಧಾರಕ್ಕೊಂದು ಸಭೆ ಸಾಕು. ಸಭೆಯಲ್ಲಿ ಆದ ತೀರ್ಮಾನವನ್ನು ಅಂದೇ ಬರೆದು ಎಲ್ಲರಿಗೂ ಕಳಿಸಬೇಕು, ಸಭೆಗೆ ಬರಲಾಗದವರು ಒಂದು ವಾರದೊಳಗೆ ಅಭಿಪ್ರಾಯ ಹೇಳಬಹುದು. ಕೊನೆಯ ಮಾತು ಯಾರದು ಎಂಬುದು ಮೊದಲ ಪತ್ರದಲ್ಲೇ ಇರಲಿ. ಹದಿನಾಲ್ಕು ಜನ ಮತ ಹಾಕಿ ಆರಿಸಿದ ಮುಖಪುಟ ಚೆನ್ನಾಗಿ ಬರುವುದು ಅಪರೂಪ.

ಹಣದ ದಾರಿ

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತದ್ದು. ಓದುಗರು ಮುಂಗಡ ಹಣ ಕೊಟ್ಟರು, ಪುಸ್ತಕಗಳು ಅವರ ಮನೆಗೆ ಹೋದವು. ಬಳಗದ ಸಂಕಲನಕ್ಕೆ ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪ್ರತಿ ಲೇಖಕರೂ ತಮ್ಮ ಊರಿನಲ್ಲಿ ಇಪ್ಪತ್ತು ಮುಂಗಡ ಖರೀದಿದಾರರನ್ನು ಹುಡುಕಿದರೆ ಹದಿನಾಲ್ಕು ಜನರಿಂದ 280 ಪ್ರತಿ ಅಚ್ಚಿಗೆ ಮುನ್ನವೇ ಮಾರಾಟವಾಗುತ್ತವೆ. ಲೇಖಕರೇ ವಂತಿಗೆ ಹಾಕುವುದಾದರೆ ಎಲ್ಲರಿಗೂ ಒಂದೇ ಮೊತ್ತ ಇರಬೇಕು, ಅದಕ್ಕೆ ತಕ್ಕ ಪ್ರತಿಗಳನ್ನು ಕೊಡಬೇಕು. ಹೆಚ್ಚು ಕೊಟ್ಟವರ ಕತೆ ಮೊದಲು ಬರುವ ಪದ್ಧತಿ ಸಂಕಲನದ ಮರ್ಯಾದೆ ಕಳೆಯುತ್ತದೆ.

ವಿದೇಶದಿಂದ ಬರುವ ದೇಣಿಗೆಯಲ್ಲಿ ಎಚ್ಚರ ಬೇಕು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಂತೆ ಸಂಘ, ಟ್ರಸ್ಟುಗಳು ವಿದೇಶಿ ಮೂಲದಿಂದ ದೇಣಿಗೆ ಪಡೆಯಲು ಕೇಂದ್ರ ಸರ್ಕಾರದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯಾಗುತ್ತದೆ. ಆದ್ದರಿಂದ ದೇಣಿಗೆಯ ಬದಲು ಪುಸ್ತಕದ ಬೆಲೆಯನ್ನೇ ರಸೀದಿ ಸಮೇತ ಪಡೆಯುವುದು ಸುರಕ್ಷಿತ. ಮೊತ್ತ ದೊಡ್ಡದಾದರೆ ಲೆಕ್ಕ ಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು.

ಅಚ್ಚು ಮತ್ತು ಹಂಚಿಕೆ

ಐಎಸ್‌ಬಿಎನ್ ಭಾರತದಲ್ಲಿ ಉಚಿತ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಮುಖಪುಟ ಸಿದ್ಧವಾಗುವ ಹೊತ್ತಿಗೇ ಅರ್ಜಿ ಹೋದರೆ ಹಿಂಬದಿಯ ಬಾರ್‌ಕೋಡ್‌ಗಾಗಿ ಅಚ್ಚು ಕಾಯಬೇಕಾಗುವುದಿಲ್ಲ. ಅಚ್ಚು ಮತ್ತು ಇ-ಪುಸ್ತಕಕ್ಕೆ ಬೇರೆ ಬೇರೆ ಸಂಖ್ಯೆ ಬೇಕು.

ಶೀರ್ಷಿಕೆಯ ಹಿಂಬದಿ ಪುಟವನ್ನು ಹಲವರು ಕೊನೆ ಗಳಿಗೆಗೆ ಬಿಡುತ್ತಾರೆ. ಪುಸ್ತಕದ ಹೆಸರು, ಸಂಪಾದಕರು, ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ಪುಟ, ಪ್ರತಿಗಳ ಸಂಖ್ಯೆ, ಬೆಲೆ, ಕಾಗದ, ಮುಖಪುಟ ಕಲಾವಿದರು, ಅಕ್ಷರ ಜೋಡಣೆ, ಮುದ್ರಕರು ಇವೆಲ್ಲ ಅಲ್ಲಿರಬೇಕು. ‘ಹಕ್ಕುಗಳು: ಆಯಾ ಕತೆಗಾರರವು’ ಎಂಬ ಸಾಲು ಮರೆಯಲೇಬಾರದು. ಪರಭಾಷಾ ಗ್ರಂಥಾಲಯಗಳ ಅನುಕೂಲಕ್ಕೆ ಇದೇ ವಿವರವನ್ನು ಇಂಗ್ಲಿಷಿನಲ್ಲೂ ಕೊಡುವುದು ಕನ್ನಡ ಪ್ರಕಾಶನದ ಹಳೆಯ ಒಳ್ಳೆಯ ರೂಢಿ.

ಪ್ರೆಸ್ಸಿನಲ್ಲಿ ದರ ಕೇಳುವಾಗ ಎಲ್ಲರಿಗೂ ಒಂದೇ ವಿವರ ಕೊಡಬೇಕು: ಡೆಮಿ 1/8, 192 ಪುಟ, 70 ಜಿಎಸ್‌ಎಂ ಮ್ಯಾಪ್ಲಿಥೊ, 300 ಜಿಎಸ್‌ಎಂ ಆರ್ಟ್ ಬೋರ್ಡ್ ಮುಖಪುಟ, ಇಷ್ಟು ಪ್ರತಿ. ಕೆಲವು ನೂರು ಪ್ರತಿಗಳೊಳಗಾದರೆ ಡಿಜಿಟಲ್ ಮುದ್ರಣ, ಸಾವಿರದ ಹತ್ತಿರವಾದರೆ ಆಫ್‌ಸೆಟ್ ಸಾಮಾನ್ಯವಾಗಿ ಅಗ್ಗ. ಎಲ್ಲ ಪ್ರತಿ ತೆಗೆಯುವ ಮುನ್ನ ಒಂದು ಮಾದರಿ ಪ್ರತಿ ಹೊಲಿದು ತರಿಸಿ, ಪುಟಪುಟ ತಿರುವಿ ನೋಡಬೇಕು. ಈ ಕೆಲಸಕ್ಕೆ ಬೆಂಗಳೂರಿನ ಸಮೀಪದಲ್ಲಿ ಒಬ್ಬರು ಇರಲೇಬೇಕು, ಪರದೆಯ ಮೇಲೆ ಇದು ಸಾಧ್ಯವಿಲ್ಲ.

1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟಣೆಯಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರ ಖರ್ಚಿನಲ್ಲೇ ಕಳಿಸಬೇಕು. ಸಣ್ಣ ಪ್ರಕಾಶಕರು ಇದನ್ನು ಬಿಟ್ಟುಬಿಡುವುದು ಬೇಸರದ ಸಂಗತಿ. ಬಳಗ ಚದುರಿ, ಪ್ರತಿಗಳು ಮುಗಿದ ಮೇಲೂ ಪುಸ್ತಕ ಸಿಗುವ ಜಾಗಗಳು ಅವು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪ್ರಕಟಣೆ ಹೊರಬಿದ್ದಾಗ ಅರ್ಜಿ ಹಾಕಬಹುದು. ಆದರೆ ಆ ಹಣವನ್ನು ನೆಚ್ಚಿಕೊಂಡು ಪ್ರೆಸ್ಸಿನ ಬಿಲ್ಲಿನ ಲೆಕ್ಕ ಹಾಕಬಾರದು.

ಒಳನಾಡಿಗೆ ಪ್ರತಿ ಕಳಿಸಲು ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ಜ್ಞಾನ ಪೋಸ್ಟ್ ಇದೆ. 300 ಗ್ರಾಂವರೆಗೆ 20 ರೂಪಾಯಿಯಿಂದ 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಮೇಲೆ ಹೇಳಿದ 192 ಪುಟದ ಪುಸ್ತಕ ಸುಮಾರು 225 ಗ್ರಾಂ ತೂಗುತ್ತದೆ, ಮೊದಲ ದರದಲ್ಲೇ ಹೋಗುತ್ತದೆ. ಹೊರದೇಶದ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೂ ಮೀರಬಹುದು. ಊರಿಗೆ ಬಂದುಹೋಗುವವರ ಕೈಯಲ್ಲಿ ಪ್ರತಿಗಳನ್ನು ಕೊಟ್ಟು ಕಳಿಸುವುದು, ಉಳಿದವರಿಗೆ ಮೈಲ್ಯಾಂಗ್ ಅಥವಾ ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಇ-ಪುಸ್ತಕ ಒದಗಿಸುವುದು ಹೆಚ್ಚು ಸಲೀಸು.

ಬಿಡುಗಡೆಯಾದ ಆರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಲ್ಲ ಲೇಖಕರಿಗೂ ಒಂದು ಪುಟದ ಲೆಕ್ಕ ಹೋಗಬೇಕು: ಅಚ್ಚಾದದ್ದೆಷ್ಟು, ಮಾರಾಟವಾದದ್ದೆಷ್ಟು, ಗೌರವ ಪ್ರತಿಗಳೆಷ್ಟು, ಕೈಯಲ್ಲಿ ಉಳಿದ ಹಣವೆಷ್ಟು. ಮರುಮುದ್ರಣಕ್ಕೆ ಹೊರಟಾಗ ಅನುಮತಿ ಪತ್ರಗಳ ಅವಧಿ ಮುಗಿದಿದೆಯೇ ನೋಡಬೇಕು. ಮುಗಿದಿದ್ದರೆ ಪ್ರತಿಯೊಬ್ಬರಿಂದಲೂ ಹೊಸ ಸಹಿ ಪಡೆಯಬೇಕು. ಕೊಡಲು ಒಪ್ಪದವರ ಕತೆಯನ್ನು ಬಿಟ್ಟು, ಪರಿವಿಡಿಯನ್ನೂ ಪುಟಸಂಖ್ಯೆಯನ್ನೂ ಸರಿಪಡಿಸಿ, ಅದು ಪರಿಷ್ಕೃತ ಮುದ್ರಣವೆಂದು ಶೀರ್ಷಿಕೆಯ ಹಿಂಬದಿಯಲ್ಲಿ ನಮೂದಿಸಬೇಕು. ಬದಲಾದ ಆವೃತ್ತಿಗೆ ಹೊಸ ಐಎಸ್‌ಬಿಎನ್ ಪಡೆಯಬೇಕು.